ಅಕ್ಕನ ಫೋನಿನ ಬಿಳಿ ಪರದೆ

"ಬೆಳ್ಳಗೆ ಕೂತಿದೆ ಕಣೇ. ಒತ್ತಿದ್ರೂ ಏನೂ ಬರ್ತಿಲ್ಲ. ಸೀಕ್ರಂ, ಬೇಗ ನೋಡೇ," ಎಂದು ತ್ರಿಪ್ಲಿಕೇನಿನಿಂದ ಅಕ್ಕ ಫೋನ್ ಮಾಡಿದಾಗ ನಾನು ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿವೆ. ಡಯಾಲಿಸಿಸ್ ಸರದಿ ತಪ್ಪಿದರೆ ಕುಡಿದ ನೀರು ಒಳಗೇ ನಿಂತು, ಮೈ ಊದಿ ಉಸಿರು ಕಟ್ಟುತ್ತದೆ. ಬೆಳ್ಳಗೆ ಕೂತಿದ್ದು ಮರುದಿನದ ಸರದಿಗೆ ಜಾಗ ಹಿಡಿಯುವ, ಆಸ್ಪತ್ರೆಯ ವೆಬ್‌ಸೈಟಿನ ಪುಟ. ಅದನ್ನು ಬರೆದದ್ದು ನಮ್ಮದೇ ತಂಡ, ನನ್ನ ಹಣೆಬರಹ! ಬೇರೆಯವರು ಜಾಗ ಕಬಳಿಸಬಾರದೆಂದು, ರೋಗಿಯ ಫೋನಿನಲ್ಲಷ್ಟೇ ಅದು ತೆರೆಯಬೇಕೆಂದು ಆಸ್ಪತ್ರೆಯವರು ಕಟ್ಟಳೆ ಮಾಡಿದ್ದರು. ಅಲ್ಲಿಗೆ ಫೋನ್ ಮಾಡಿದರೆ, ವೆಬ್‌ಸೈಟ್ ನೋಡಿ ಎಂಬ ರೆಕಾರ್ಡು.

ತಂಡದ ಮುಖ್ಯಸ್ಥರ ಬಳಿ ಓಡಿದೆ. ಬ್ರೌಸರಿನಲ್ಲಿ ಎಡವಟ್ಟಾದರೆ ಆ ಎರರ್ ಬಳಸುವವರ ಫೋನಿನಲ್ಲೇ ಉಳಿದುಬಿಡುತ್ತದೆ. ಅದನ್ನು ಹಿಡಿದು ಕ್ಲೌಡಿನಲ್ಲಿರುವ ನಮ್ಮ ಲಾಗಿಗೆ, ಅಂದರೆ ಎರರ್‌ಗಳ ದಾಖಲೆಗೆ, ಕಳಿಸಲೆಂದೇ ಪುಟದೊಳಗೆ ಪುಟ್ಟ ಸ್ಕ್ರಿಪ್ಟೊಂದನ್ನು ಕೂರಿಸಿದ್ದೆವು. ಅವರು ಆ ಲಾಗ್ ತೆರೆದು ತೋರಿಸಿದರು.

"ಲಾಗ್‌ಲ ಒಣ್ಣುಮೇ ಇಲ್ಲಮ್ಮಾ. ಅಕ್ಕಾವೋಡ ನೆಟ್ ಪ್ರಾಬ್ಲಮಾ ಇರುಕ್ಕುಂ."

ಲಾಗಿನಲ್ಲಿ ಒಂದೂ ಇಲ್ಲವಂತೆ, ತೊಂದರೆ ಅಕ್ಕನ ನೆಟ್ಟಿನದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನೆಟ್ ಇಲ್ಲದೆಯೇ ಅವಳು ಆ ಬಿಳಿ ಪರದೆಯ ಚಿತ್ರ ವಾಟ್ಸಾಪಿನಲ್ಲಿ ಕಳಿಸಿದಳೇ? ನಮ್ಮವರದು ಇದೊಂದು ಚಾಳಿ: ಲಾಗ್ ಖಾಲಿ ಇದ್ದರೆ ಲೋಕವೇ ಸುಖವಾಗಿದೆ ಎಂದುಕೊಂಡು ಕಾಫಿಗೆ ಎದ್ದುಹೋಗುವುದು.

ಟೆಸ್ಟಿಂಗ್‌ನವರ ಡ್ರಾಯರಿನಲ್ಲಿ ಬಿದ್ದಿದ್ದ, ಅಕ್ಕನದರಷ್ಟೇ ಹಳೆಯ ಫೋನೊಂದನ್ನು ಹುಡುಕಿ ತಂದೆ. ಪರೀಕ್ಷೆಗೆಂದೇ ಇಟ್ಟಿದ್ದ ಸುಳ್ಳು ರೋಗಿಯ ಖಾತೆಯಿಂದ ತೆರೆದರೆ ಅದರಲ್ಲೂ ಪುಟ ಬೆಳ್ಳಗೇ ಬಂತು, ಲಾಗ್ ಮಾತ್ರ ತಣ್ಣಗಿತ್ತು. ಆಗ ಗೊತ್ತಾಯಿತು. ಎರರ್ ಕಳಿಸಬೇಕಾದ ಸ್ಕ್ರಿಪ್ಟನ್ನೇ ಹೊಸ ಬ್ರೌಸರುಗಳಿಗಷ್ಟೇ ಅರ್ಥವಾಗುವಂತೆ ಬರೆದಿದ್ದರು. ಹಳೆಯ ಫೋನಿನಲ್ಲಿ ಎಲ್ಲಕ್ಕಿಂತ ಮೊದಲು ಅದೇ ಕೆಟ್ಟು ನಿಲ್ಲುತ್ತಿತ್ತು.

ಅದನ್ನು ಹಳೆಯ ರೀತಿಯಲ್ಲಿ ಬರೆದು ವೆಬ್‌ಸೈಟಿಗೆ ಏರಿಸಿದೆ. ಅಯ್ಯೋ ದೇವರೇ, ಲಾಗಿನಲ್ಲಿ ಕೆಂಪು ಸಾಲುಗಳು ದಬದಬನೆ ಸುರಿಯತೊಡಗಿದವು. ಅಕ್ಕನ ಹಾಗೇ ಬಿಳಿ ಪರದೆ ನೋಡುತ್ತ ಕೂತವರು ಎಷ್ಟೊಂದು ಜನ! ಪುಟ ಎಲ್ಲಿ ಮುಗ್ಗರಿಸುತ್ತಿದೆ ಎಂದು ಆ ಸಾಲುಗಳೇ ತೋರಿಸಿದವು, ಅದನ್ನೂ ಸರಿಮಾಡಲು ಕೂತೆ. ನಡುವೆ ಅಕ್ಕನ ಫೋನು ಬರುತ್ತಲೇ ಇತ್ತು. "ಇರಕ್ಕಾ, ಆಯ್ತು, ಆಯ್ತು," ಎನ್ನುತ್ತಲೇ ಇದ್ದೆ.

ಆಫೀಸಿನ ಬಸ್ಸುಗಳು ಹೊರಡುವ ಹೊತ್ತಿಗೆ ಮುಗಿಯಿತು. ಸಂಜೆಯಾದರೂ ಸೆಖೆ ಇಳಿದಿರಲಿಲ್ಲ.

"ಈಗ ತೆಗಿ ಅಕ್ಕಾ."

"ಬಂತು ಕಣೇ!" ಎಂದಳು. ಆಮೇಲೆ ಪುಟ ಓದುತ್ತಾ ಹೋದಳು. "ನಾಳೆ ಎಲ್ಲಾ ಭರ್ತಿ ಅಂತಿದೆ. ನಾಡಿದ್ದೂ ಇಲ್ಲ. ಅದರ ಮಾರನೇ ದಿನ ಒಂದೇ ಒಂದಿದೆ."

ಹೊಸ ಫೋನಿನವರು ಮಧ್ಯಾಹ್ನವೇ ಎಲ್ಲ ಹಿಡಿದುಬಿಟ್ಟಿದ್ದರು. ನಾನು ಕೂತಲ್ಲೇ ಗೊಳೋ ಎಂದು ಅತ್ತೆ.

"ಥೂ, ಅಳ್ಬೇಡ ಕಣೇ," ಎಂದಳು ಅಕ್ಕ. "ಅದನ್ನೇ ಒತ್ತಿದೀನಿ. ಅಲ್ಲೀವರ್ಗೂ ನೀರು ಕುಡಿಯಲ್ಲ ಬಿಡು."