ಅಂಚೆಯಣ್ಣನ ಕುರ್ಚಿಯ ಕಿರ್ರು

ನಮ್ಮವರಿಗೆ ಈ ಭೂಮಿಯ ಮೇಲೆ ಆಗಿಬರದ ವಸ್ತು ಒಂದೇ, ಕಿರುಗುಟ್ಟುವ ಸದ್ದು. ಹಾವು ಕಂಡರೆ ದಾರಿ ಬಿಡುತ್ತಾರೆ, ನನ್ನಮ್ಮ ಬಂದರೆ ನಗುನಗುತ್ತಾ ಮಾತಾಡುತ್ತಾರೆ. ಆದರೆ ಎಲ್ಲೋ ಒಂದು ಬಾಗಿಲು ಕಿರ್ ಎಂದಿತೋ, ಮುಗಿಯಿತು. ನನ್ನ ತಂಗಿಯ ಮದುವೆಯಲ್ಲಿ ಎಲ್ಲರೂ ಫೋಟೋಗೆ ನಿಂತಾಗ ಇವರು ಮಾಯ. ಹುಡುಕಿದರೆ ಮದುಮಕ್ಕಳು ಕೂತ ಕುರ್ಚಿಯ ಕೆಳಗೆ ಅಂಗಾತ ಮಲಗಿ ಸೋಪು ಉಜ್ಜುತ್ತಿದ್ದರು. ಆ ಫೋಟೋದಲ್ಲಿ ನನ್ನ ಗಂಡ ಅಂತ ತೋರಿಸಲು ನನಗೆ ಎರಡು ಪಾದ ಮಾತ್ರ ಸಿಕ್ಕಿವೆ.

ನಮ್ಮದು ಹಳೇ ಫರ್ನಿಚರ್ ಅಂಗಡಿ. ಮನೆ ಖಾಲಿ ಮಾಡುವವರು, ಅಜ್ಜನ ಮೇಜಿಗಾಗಿ ವರ್ಷಗಟ್ಟಲೆ ಜಗಳವಾಡಿ ಕೊನೆಗೆ ಯಾರಿಗೂ ಬೇಡ ಎಂದವರು, ಎಲ್ಲರ ಸಾಮಾನೂ ಕಾಲು ಮುರಿದುಕೊಂಡು ನಮ್ಮಲ್ಲಿಗೇ ಬರುತ್ತದೆ. ಇವರು ಹಳೇ ಬಣ್ಣ ಕೆರೆದು, ಕೀಲು ಬಿಚ್ಚಿ, ಅಂಟು ಹಾಕಿ ಬಿಗಿದು, ಪಾಲಿಶ್ ಕೊಡುತ್ತಾರೆ. ನಾನು ಬೆತ್ತ ಹೆಣೆಯುತ್ತೇನೆ, ಗಿರಾಕಿಗಳ ಹತ್ತಿರ ಮಾತಾಡುತ್ತೇನೆ. ಇವರನ್ನು ಮಾತಿಗೆ ಬಿಟ್ಟರೆ ವ್ಯಾಪಾರ ಕೆಟ್ಟಿತೆಂದೇ ಲೆಕ್ಕ. ಕೊಳ್ಳಲು ಬಂದವರನ್ನು ಮೂರು ಸಲ ಕೂರಿಸಿ ಏಳಿಸುತ್ತಾರೆ, ಸದ್ದು ಬಂದರೆ ಆ ಕುರ್ಚಿಯನ್ನು ಕೊಡುವುದಿಲ್ಲ. ಒಮ್ಮೆ ಒಬ್ಬ ದಪ್ಪ ವಕೀಲರು ಎದ್ದಾಗ ಕಿರ್ ಎಂದಿತು. ಅದು ಅವರ ಮೊಣಕಾಲು. ವಕೀಲರೇ ಒಪ್ಪಿಕೊಂಡರೂ ಇವರು ಒಪ್ಪಲಿಲ್ಲ, ಕುರ್ಚಿಯನ್ನು ಪೂರ್ತಿ ಬಿಚ್ಚಿ ನೋಡಿದರು. ಇಷ್ಟೆಲ್ಲ ಆಗಿ ನಮ್ಮ ಮನೆಯ ಕಪಾಟಿನ ಬಾಗಿಲು ಒಂಬತ್ತು ವರ್ಷದಿಂದ ಒಂದೇ ಕೀಲಿನ ಮೇಲೆ ನೇತಾಡುತ್ತಿದೆ. ಅದು ಕಿರುಗುಟ್ಟುವುದಿಲ್ಲವಾದ್ದರಿಂದ ಇವರ ಗಮನಕ್ಕೆ ಬಂದಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ.

ಎಲೆ ಉದುರಿ ಮುಗಿದು ಚಳಿ ಹಲ್ಲು ತೋರಿಸುವ ಮೂರು ನಾಲ್ಕು ವಾರ ನಮಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುವುದಿಲ್ಲ. ಇಷ್ಟು ದಿನ ಹೊರಗೆ ಅಲೆದವರು ಈಗ ಮನೆಯಲ್ಲಿ ಕೂರಬೇಕಲ್ಲ, ಕೂತಾಗಲೇ ಕುರ್ಚಿಗೆ ಮೂರು ಕಾಲು ಎಂದು ಗೊತ್ತಾಗುವುದು. ಗಾಳಿ ಒಣಗಿ ಮರ ಕುಗ್ಗುತ್ತದೆ, ಕೀಲು ಸಡಿಲವಾಗುತ್ತದೆ, ಮಳೆಗಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಮಂಚ ಮೇಜುಗಳಿಗೆಲ್ಲ ಒಮ್ಮೆಗೇ ಬಾಯಿ ಬರುತ್ತದೆ. ಬೆಳಗ್ಗೆ ಷಟರ್ ಎತ್ತುವಾಗ ಕಬ್ಬಿಣ ಕೈ ಕೊರೆಯುತ್ತದೆ. ಬೇಸಿಗೆಯಲ್ಲಿ ಊಟದ ಹೊತ್ತಿಗೆ ಒಣಗುವ ಪಾಲಿಶ್ ಮಾರನೇ ದಿನವೂ ಬೆರಳಿಗೆ ಮೆತ್ತುತ್ತದೆ. ಅಂಟಿನ ಪಾತ್ರೆಯನ್ನು ಸಣ್ಣ ಒಲೆಯ ಮೇಲೆ ಬಿಸಿಯಾಗಿಟ್ಟಿರಬೇಕು, ಆ ಒಲೆಯ ಶಾಖಕ್ಕೆ ಅರ್ಧ ಬೀದಿ ಸೋಫಾ ನೋಡುವ ನೆಪದಲ್ಲಿ ಒಳಗೆ ಬರುತ್ತದೆ. ಎದುರಂಗಡಿಯ ದರ್ಜಿಯಂತೂ ಒಂದೇ ಸೋಫಾವನ್ನು ಆರು ವರ್ಷದಿಂದ ನೋಡುತ್ತಿದ್ದಾನೆ.

ಅಂಥ ಒಂದು ಬೆಳಗ್ಗೆ ಅಂಗಡಿಯ ಮುಂದೆ ಒಂದು ಕೈಕುರ್ಚಿ ತಾನಾಗಿಯೇ ನಡೆದು ಬಂತು. ನೋಡಿದರೆ ಅದರ ಕೆಳಗೆ ಅಂಚೆಯಣ್ಣ. ಮೂವತ್ತು ವರ್ಷ ಈ ಬೀದಿಗಳಿಗೆಲ್ಲ ಕಾಗದ ಹಂಚಿ ನಿವೃತ್ತರಾದವರು, ಗುಂಡಗಿನ ಮನುಷ್ಯ. ಕುರ್ಚಿಯನ್ನು ತಲೆಯ ಮೇಲೆ ಬೋರಲು ಹೊತ್ತಿದ್ದರು.

"ಏಳೋವಾಗ ಕಿರುಗುಟ್ಟತ್ತೆ. ಹನ್ನೊಂದು ವರ್ಷದಿಂದ. ನಿಲ್ಲಿಸಿ ಕೊಡ್ಬೇಕು," ಎಂದರು. ಆಮೇಲೆ ಬೀದಿಯ ಎರಡೂ ಕಡೆ ನೋಡಿ, "ಟೀಚರಮ್ಮ ಅಕ್ಕನ ಮನೆಗೆ ಹೋಗಿದಾಳೆ. ಬರೋದ್ರೊಳಗೆ ಆಗ್ಬೇಕು. ಅವಳಿಗೆ ಗೊತ್ತಾಗ್ಬಾರ್ದು," ಎಂದು ಸೇರಿಸಿದರು.

ಟೀಚರಮ್ಮ ಎಂದರೆ ಅವರ ಹೆಂಡತಿ. ಶಾಲೆ ಬಿಟ್ಟು ಬಂದರೂ ಟೀಚರುತನ ಬಿಟ್ಟವರಲ್ಲ.

ನನಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ನಮ್ಮವರು ಹನ್ನೊಂದು ವರ್ಷ ಎಂಬ ಮಾತು ಕೇಳಿಯೇ ಕರಗಿಹೋಗಿದ್ದರು. ಎರಡು ದಿನ ಆ ಕುರ್ಚಿಗೆ ಡಾಕ್ಟರು ರೋಗಿಯನ್ನು ನೋಡುವ ಹಾಗೆ ಉಪಚಾರ. ಇವರು ಎಡಕ್ಕೆ ವಾಲುವುದು, ಬಲಕ್ಕೆ ವಾಲುವುದು, ನಾನು ಕೆಳಗೆ ಬಗ್ಗಿ ಮರಕ್ಕೆ ಕಿವಿ ಇಟ್ಟು "ಇಲ್ಲಿ, ಅಲ್ಲ ಅಲ್ಲಿ" ಎನ್ನುವುದು. ಕೊನೆಗೆ ಹಿಂದಿನ ಬಲಗಾಲಿನ ಕೀಲಿನಲ್ಲಿ ಕಳ್ಳ ಸಿಕ್ಕಿದ. ಬಿಚ್ಚಿ, ಒಳಗಿನ ಹಳೇ ಅಂಟು ಕೆರೆದು, ಹೊಸ ಬೆಣೆ ಹೊಡೆದು ಬಿಗಿದರು. ಅಂಚೆಯಣ್ಣ ಬಂದು ಕೂತರು, ಎದ್ದರು. ಪಿಟ್ಟೆನ್ನಲಿಲ್ಲ. ಇನ್ನೊಮ್ಮೆ ಕೂತು ಎದ್ದರು. ಅವರ ಕಣ್ಣಲ್ಲಿ ನೀರೇ ಬಂತು. ನಮ್ಮವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವತ್ತು ನಮ್ಮವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಗುನುಗುತ್ತಿದ್ದರು.

ವಾರ ಕಳೆದು ಟೀಚರಮ್ಮ ಬಂದರು. ಶಾಲು ಹೊದ್ದು ಬಾಗಿಲಲ್ಲಿ ನಿಂತು, "ನಮ್ಮನೆ ಕುರ್ಚಿ ರಿಪೇರಿ ಮಾಡಿದ್ದು ಯಾರು?" ಎಂದರು. ಹೊಗಳಿಸಿಕೊಳ್ಳುವ ಆಸೆಗೆ ಇವರು ಕ್ಲಾಸಿನ ಹುಡುಗನ ಹಾಗೆ ಕೈ ಎತ್ತಿದರು.

"ಬುದ್ಧಿ ಇದೆಯೇನ್ರೀ ನಿಮಗೆ?"

ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಟೀಚರಮ್ಮ ಚೀಲದಿಂದ ಒಂದು ಕಾಗದ ತೆಗೆದು ಅಂಟಿನ ಪಾತ್ರೆಯ ಪಕ್ಕ ಇಟ್ಟರು. ಅಂಚೆಯಣ್ಣನ ರಕ್ತಪರೀಕ್ಷೆಯ ವರದಿ. ಸಕ್ಕರೆ ಆಕಾಶಕ್ಕೇರಿತ್ತು.

"ಹೋದ ವರ್ಷ ಬಚ್ಚಲಲ್ಲಿ ಬಿದ್ದು ಎಂಟು ದಿನ ಆಸ್ಪತ್ರೇಲಿದ್ರು. ಇನ್ನೊಂದ್ಸಲ ಹಿಂಗಾದ್ರೆ ಕಷ್ಟ ಅಂತ ಡಾಕ್ಟರು ನನ್ನ ಹತ್ರ ಹೇಳಿದಾರೆ. ನಾನು ಒಳಗಿನ ಕೋಣೇಲಿ ಹೊಲಿಗೆ ಹಾಕ್ತಾ ಕೂತಿರ್ತೀನಿ. ಆ ಕುರ್ಚಿ ಕಿರ್ ಅಂದ್ರೆ ಇವರು ಬಿಸ್ಕತ್ತಿನ ಡಬ್ಬಿ ಕಡೆ ಹೊರಟ್ರು ಅಂತ. ‘ಎಲ್ಲಿಗೆ?’ ಅಂತೀನಿ. ಕೂತ್ಬಿಡ್ತಾರೆ. ಹನ್ನೊಂದು ವರ್ಷ ನನ್ನ ಗಂಡನ್ನ ಕಾಯ್ದಿದ್ದು ಆ ಸದ್ದು. ನೀವು ಅದನ್ನ ಕಿತ್ತು ಬಿಸಾಕಿದ್ರಿ."

"ಬಿಸ್ಕತ್ತೇ ತರ್ಬೇಡಿ ಟೀಚರಮ್ಮ," ಎಂದೆ ನಾನು.

"ತರದಿದ್ರೆ ನೇರ ಬೇಕರಿಗೆ ಹೋಗ್ತಾರೆ. ಡಬ್ಬಿ ಇದ್ರೆ ಅಡುಗೆಮನೆವರೆಗೆ ಮಾತ್ರ. ದಾರೀಲಿ ಹಿಡೀಬಹುದು."

"ಬೀಗ ಹಾಕಿ."

"ಹಾಕಿದ್ದೆ. ಬೀಗ ಹಾಗೇ ಇತ್ತು, ಬಿಸ್ಕತ್ತು ಇರ್ಲಿಲ್ಲ. ಹೇಗೆ ಅಂತ ಇವತ್ತಿಗೂ ಗೊತ್ತಾಗಿಲ್ಲ." ಅಷ್ಟು ಹೇಳಿ ಟೀಚರಮ್ಮ ದನಿ ಇಳಿಸಿದರು. "ನನಗೆ ಹೆದರಿಕೆ ಆಗತ್ತಮ್ಮ. ಆ ಸದ್ದು ನನಗೆ ವಾಪಸ್ ಬೇಕು."

ಎಂಥ ಗಟ್ಟಿ ಹೆಂಗಸು, ಅವರ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ನಾನು ಅವತ್ತೇ ಮೊದಲು ಕೇಳಿದ್ದು. ನನಗೆ ನನ್ನ ಗಂಡನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಇವರ ಮುಖ ನೋಡಿ ನುಂಗಿಕೊಂಡೆ. ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. "ಮಾಡಿಕೊಡ್ತೀನಿ ಟೀಚರಮ್ಮ," ಎಂದರು. ಅಂದೇ ಕುರ್ಚಿ ವಾಪಸ್ ಬಂತು.

ಹೇಳಿದಷ್ಟು ಸುಲಭವೇ? ಇಡೀ ಜನ್ಮ ಸದ್ದು ನಿಲ್ಲಿಸಿದ ಕೈ ಸದ್ದು ಮಾಡಲು ಒಲ್ಲೆನೆಂದಿತು. ಬೆಣೆ ಸಡಿಲಿಸಿದರು, ಕುರ್ಚಿ ಓಲಾಡಿತೇ ಹೊರತು ಉಸಿರೆತ್ತಲಿಲ್ಲ. ಕೀಲಿಗೆ ರಾಳದ ಪುಡಿ ತುಂಬಿದರು, ಕೂರುವಾಗ ಬೆಕ್ಕಿನ ಹಾಗೆ ಕೂಗಿತು, ಏಳುವಾಗ ಮೌನ. ತಗಡಿನ ಚೂರು ಸೇರಿಸಿದರು, ಕುರ್ಚಿ ಸೀನಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಚಳಿಗೆ ಅಂಗಡಿಯ ಮಿಕ್ಕ ಸಾಮಾನೆಲ್ಲ ತಾನಾಗಿ ಕಿರುಗುಟ್ಟುತ್ತಿತ್ತು. ಕಪಾಟು ಕಿರ್, ತೊಟ್ಟಿಲು ಕಿರ್, ಪಾಲಿಶ್ ಒಣಗದ ಮೇಜೂ ಕಿರ್. ಅದೊಂದು ಕುರ್ಚಿ ಮಾತ್ರ ಹೊಸ ಅಳಿಯನ ಹಾಗೆ ಬಾಯಿ ಬಿಗಿದು ಕೂತಿತ್ತು. ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದರು ಪುಣ್ಯಾತ್ಮ.

ದಿನಾ ಸಂಜೆ ನಾಲ್ಕಕ್ಕೆ ಟೀಚರಮ್ಮ ಪರೀಕ್ಷೆಗೆ ಬರುವರು. ಗೋಡೆ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರುವರು. ಇವರು ಕುರ್ಚಿಯಿಂದ ಏಳುವರು.

"ಇದು ಬಾಗಿಲು."

ಇನ್ನೊಮ್ಮೆ.

"ಇದು ಇಲಿ."

ಒಲೆಯ ಪಕ್ಕದಿಂದ ದರ್ಜಿ ಬಾಯಿ ಹಾಕಿದ. "ಟೀಚರಮ್ಮ, ಇಲಿಯಲ್ಲಿ ಏನು ಕೊರತೆ? ಇಲಿ ಸದ್ದಿಗೂ ಎಚ್ಚರ ಆಗಬಹುದಲ್ಲ?"

"ನನ್ನ ಗಂಡ ಇಲಿ ಅಲ್ಲ," ಎಂದರು ಟೀಚರಮ್ಮ, ಕಣ್ಣು ತೆಗೆಯದೆ. "ಅದು ಹೇಗಿತ್ತು ಗೊತ್ತಾ? ಮೊದಲು ಕಿರ್ ಅಂತ ಮೇಲಕ್ಕೆ ಹೋಗೋದು. ಆಮೇಲೆ ತಪ್ಪು ಮಾಡಿದೋರ ಹಾಗೆ ಸಣ್ಣಗೆ ಉಂಯ್ ಅಂತ ಇಳಿಯೋದು."

ಆ ಉಂಯ್ ಒಂದು ನಮ್ಮವರ ಪ್ರಾಣ ತಿಂದಿತು. ಸ್ನಾನ ಮಾಡುವಾಗ ಉಂಯ್, ಚಹಾ ಕುಡಿಯುವಾಗ ಉಂಯ್. ಮಾರಾಟಕ್ಕೆ ಬಂದವರಿಗೆ ಉತ್ತರ ಕೊಡುವ ಬದಲು ಅವರ ಹಳೇ ಪೆಟ್ಟಿಗೆಯ ಮುಚ್ಚಳ ಎತ್ತಿ ಇಳಿಸಿ ಕಿವಿಗೊಟ್ಟು ನಿಲ್ಲುವರು. ಐದನೇ ದಿನ ಕೆಲಸ ನಿಲ್ಲಿಸಿ ತಲೆಯ ಮೇಲೆ ಕೈ ಹೊತ್ತು ಕೂತರು.

"ಆ ಮನುಷ್ಯಂಗೆ ಏನಾದ್ರೂ ಆದ್ರೆ ನನ್ನ ಕೈಯಿಂದ ಆಯ್ತು ಅಂತ ಆಗತ್ತೆ ಕಣೇ," ಎಂದರು.

"ಬಿಸ್ಕತ್ತು ತಿಂದಿದ್ದು ಅವರು," ಎಂದೆ.

"ದಾರಿ ಮಾಡಿಕೊಟ್ಟಿದ್ದು ನಾನು."

ಮೂವತ್ತು ವರ್ಷದ ಸಂಸಾರದಲ್ಲಿ ಇವರು ತಪ್ಪು ಒಪ್ಪಿಕೊಂಡ ಮೊದಲ ಸಲ ಅದು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಅಷ್ಟರಲ್ಲಿ ಅಂಚೆಯಣ್ಣ ಬಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಸದ್ದು ಹಾಕಬೇಡಿ ಎಂದು ಗೋಗರೆಯಲು ಬಂದಿದ್ದಾರೆ ಅಂದುಕೊಂಡು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅವರು ಮುಖ ಸಣ್ಣದು ಮಾಡಿಕೊಂಡು ನಿಂತರು.

"ಆ ಕಿರ್ರು ಇನ್ನೂ ಸಿಕ್ಕಲಿಲ್ವಾ?"

"ನಿಮಗ್ಯಾಕೆ ಅದು?" ಎಂದೆ.

"ಮೊದಲನೇ ದಿನ ಎಂಟು ಬಿಸ್ಕತ್ತು ತಿಂದೆ ತಾಯಿ, ಸುಳ್ಳು ಹೇಳಲ್ಲ. ಮಜಾ ಇತ್ತು. ಎರಡನೇ ದಿನವೂ ತಿಂದೆ. ಮೂರನೇ ದಿನ ಸುಮ್ನೆ ಎದ್ದೆ, ಕೂತೆ, ಮತ್ತೆ ಎದ್ದೆ. ಯಾರೂ ಎಲ್ಲಿಗೆ ಅಂತ ಕೇಳ್ಲಿಲ್ಲ. ಅವಳು ಒಳಗೆ, ನಾನು ಹೊರಗೆ. ಯೋಚ್ನೆ ಮಾಡಿದ್ರೆ, ಇಡೀ ದಿನದಲ್ಲಿ ನಮ್ಮಿಬ್ಬರ ಮಧ್ಯೆ ಇದ್ದಿದ್ದು ಅದೊಂದೇ ಮಾತು. ಮನೆ ಬಿಕೋ ಅನ್ನತ್ತೆ. ಬಿಕೋ ಅಂದ್ರೆ ನನಗೆ ಹಸಿವಾಗತ್ತೆ."

ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಗಂಟೆ ನಾಲ್ಕಾಗಿತ್ತು. ಬಾಗಿಲಲ್ಲಿ ಶಾಲು ಕಂಡಿತು. ಟೀಚರಮ್ಮನಿಗೆ ಕನ್ನಡಕ ಇದ್ದೂ ಅಂಚೆಯಣ್ಣ ಕಾಣಲಿಲ್ಲ, ಏಕೆಂದರೆ ಆ ಧೀರ ಅಷ್ಟರಲ್ಲಿ ಕಪಾಟಿನ ಹಿಂದೆ ಸೇರಿದ್ದರು. ಟೀಚರಮ್ಮ ಎಂದಿನಂತೆ ಗೋಡೆ ಕಡೆ ತಿರುಗಿ ಕೂತು ಕಣ್ಣು ಮುಚ್ಚಿದರು. "ಹೂಂ, ಶುರು ಮಾಡಿ."

ನಮ್ಮವರ ಹತ್ತಿರ ತೋರಿಸಲು ಏನೂ ಉಳಿದಿರಲಿಲ್ಲ. ನಾನು ಕಪಾಟಿನ ಹಿಂದೆ ಕೈ ಹಾಕಿ ಅಂಚೆಯಣ್ಣನ ತೋಳು ಹಿಡಿದು ಎಳೆದು ಅವರದೇ ಕುರ್ಚಿಯಲ್ಲಿ ಕೂರಿಸಿದೆ. ಕಿವಿಯಲ್ಲಿ, "ಹನ್ನೊಂದು ವರ್ಷ ಕೇಳಿದೀರಲ್ಲ. ನಿಮ್ಮ ಬಾಯಲ್ಲೇ ಅನ್ನಿ," ಎಂದೆ. ಅವರು ಗಾಬರಿಯಿಂದ ನನ್ನನ್ನು ನೋಡಿದರು. ದರ್ಜಿ ಸೋಫಾ ನೋಡುವುದನ್ನು ಬಿಟ್ಟು ಈ ಕಡೆ ತಿರುಗಿದ.

ಅಂಚೆಯಣ್ಣ ಕುರ್ಚಿಯ ಕೈಗಳನ್ನು ಹಿಡಿದು ಮೆಲ್ಲಗೆ ಎದ್ದರು. ಏಳುತ್ತಾ, ತುಟಿ ಮುಂದೆ ಚಾಚಿ, ಗಂಟಲಿನ ಯಾವುದೋ ಮೂಲೆಯಿಂದ ಹೊರಡಿಸಿದರು.

"ಕಿರ್ರ್ರ್... ಉಂಯ್."

"ಎಲ್ಲಿಗೆ?" ಎಂದರು ಟೀಚರಮ್ಮ.

ಕಣ್ಣು ಮುಚ್ಚಿದ್ದ ಹಾಗೇ, ತಟಕ್ಕನೆ, ತಮಗೇ ತಿಳಿಯದೆ ಅಂದುಬಿಟ್ಟಿದ್ದರು. ಆಮೇಲೆ ಅವರ ಬೆನ್ನು ಸಣ್ಣಗೆ ಅದುರಿತು. ನಗುತ್ತಿದ್ದರೋ ಅಳುತ್ತಿದ್ದರೋ ಗೋಡೆಗೆ ಮಾತ್ರ ಕಾಣುತ್ತಿತ್ತು.

"ಎಲ್ಲಿಗೂ ಇಲ್ಲ," ಎಂದರು ಅಂಚೆಯಣ್ಣ, ಕೂತುಬಿಟ್ಟರು.

ಟೀಚರಮ್ಮ ತಿರುಗಿದರು. ಕುರ್ಚಿಯನ್ನು ನೋಡಿದರು, ಗಂಡನನ್ನು ನೋಡಿದರು, ನಮ್ಮಿಬ್ಬರನ್ನೂ ಮಂಡಿಯೂರಿಸಿ ನಿಲ್ಲಿಸುವ ಹಾಗೆ ನೋಡಿದರು. ನಮ್ಮವರು ಬೆಣೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ನಾಚಿಕೆ ಆಗಲ್ವಾ, ಈ ವಯಸ್ಸಲ್ಲಿ ಕುರ್ಚಿ ಥರ ಕೂಗೋಕೆ?"

"ಆಗತ್ತೆ. ಆದ್ರೂ ಇನ್ಮೇಲೆ ಏಳೋವಾಗೆಲ್ಲ ಅಂತೀನಿ. ಆಣೆ."

"ಮರೆತ್ರೆ?"

ಅಂಚೆಯಣ್ಣ ಕುರ್ಚಿಯ ಕೈಯನ್ನು ಸವರಿದರು.

"ಮರೆತ್ರೆ, ಸದ್ದಿಗೆ ಕಾಯ್ಬೇಡ ಕಣೇ. ಸುಮ್ನೆ ‘ಎಲ್ಲಿಗೆ?’ ಅಂತ ಕೇಳು."