ಕೆರೆ ಏರಿಯ ಅಕ್ಕ ಕಾಣೆಯಾದದ್ದು

ಹೋದ ವರ್ಷ ಇದೇ ಅಂಕಣದಲ್ಲಿ ನಾನೊಂದು ಶ್ರದ್ಧಾಂಜಲಿ ಬರೆದಿದ್ದೆ. ನೆನಪಿದೆಯೇ? ಸತ್ತವರು ಯಾರೂ ಇರಲಿಲ್ಲ. ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ದಾರಿಯಲ್ಲಿ, ಕೆರೆ ಏರಿಯ ಪಕ್ಕದ ಬಾರಿನಲ್ಲಿ ನಿಂತಿದ್ದ ಒಂದು ಬೊಂಬೆ ಕಾಣೆಯಾಗಿತ್ತು.

ಬಾರು ನನ್ನ ಗೆಳೆಯ ಪರಮೇಶಿಯದು. (ನಾನು ಅಲ್ಲಿಗೆ ಹೋಗುವುದು ಕೆರೆಯ ಗಾಳಿಗೆ ಮತ್ತು ಖಾರ ಹಚ್ಚಿದ ಕಡಲೆಬೀಜಕ್ಕೆ. ಈ ಅಂಕಣವನ್ನು ನಮ್ಮ ಮನೆಯಲ್ಲೂ ಓದುತ್ತಾರೆ.) ಬಾಗಿಲಲ್ಲೇ, ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಣ್ಣಿನ ಬೊಂಬೆ. ಎದೆಮಟ್ಟದ ಎತ್ತರ. ಫೈಬರಿನದು, ಒಳಗೆ ಟೊಳ್ಳು. ಪೇಂಟರ್ ರಶೀದ್ ಸಾಬರು ಮಾಡಿಕೊಟ್ಟಿದ್ದು.

ಎಲ್ಲರಿಗೂ ಅದು ಅಕ್ಕ. ಒಳಗೆ ಎರಡು ರೌಂಡ್ ಮುಗಿಸಿದವರು ಹೊರಗೆ ಬಂದು ಅದರ ಭುಜದ ಮೇಲೆ ಕೈ ಹಾಕಿ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. "ಅಕ್ಕಾ, ಬತ್ತೀನಿ" ಅನ್ನದೆ ಯಾರೂ ಸ್ಕೂಟರ್ ಒದೆಯುತ್ತಿರಲಿಲ್ಲ. ನಾನು ಕೊಡದ ಕತ್ತಿಗೆ ಛತ್ರಿ ನೇತುಹಾಕುತ್ತಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಅಕ್ಕ ಇಲ್ಲ. ಆಗತಾನೇ ತುಂಬಿದ ಕೆರೆಗೆ ಇಬ್ಬರು ಈಜುಗಾರರನ್ನು ಇಳಿಸಿದೆವು. ಎದುರು ಬಾರಿನವನ ಗೋಡೌನ್ ಇಣುಕಿ ಜಗಳ ತಂದುಕೊಂಡೆವು. ಕಂಪ್ಲೇಂಟ್ ಬರೆದುಕೊಳ್ಳುವಾಗ ಪೇದೆ, ಹೆಂಗಸಿನ ವಯಸ್ಸೆಷ್ಟು ಎಂದು ಕೇಳಿದ. ಪರಮೇಶಿ ಯೋಚಿಸದೆ ಇಪ್ಪತ್ತೆರಡು ಎಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮನೆಗೆ ಹೋಗಿ ಅಂಕಣ ಬರೆದೆ.

ಹೋದ ವಾರ ಪರಮೇಶಿಯ ಮನೆಯಲ್ಲಿ ಅಟ್ಟದಿಂದ ಕೊಬ್ಬರಿ ಇಳಿಸುವ ಕೆಲಸವಿತ್ತು. ಸುಮ್ಮನೆ ಹೋಗಿದ್ದೆ. ಅವನು ಏಣಿ ಹತ್ತಿದ. ಒಂದು ಕಾಯಿ ಅಲ್ಲಾಡಿಸಿ ನೋಡಿದ ಸದ್ದು ಕೇಳಿತು. ಆಮೇಲೆ ಸದ್ದೇ ಇಲ್ಲ.

"ಏನ್ಲಾ, ಇಲಿ ತಿಂದೈತಾ?" ಎಂದೆ.

"ಅಕ್ಕ ಅವ್ಳೆ ಕಣ್ಲಾ," ಎಂದ.

ನಾನೂ ಹತ್ತಿದೆ. ಕಾಯಿ ರಾಶಿಯ ನಡುವೆ, ಕೊಡದ ಸಮೇತ, ಹಳೆಯ ಸೀರೆಯೊಂದನ್ನು ಮೈತುಂಬ ಹೊದ್ದು ನಿಂತಿದ್ದಳು.

ನಮ್ಮ ಕಡೆ ಅಟ್ಟಕ್ಕೆ ಕಾಯಿ ಹಾಕಿದರೆ, ಒಳಗಿನ ನೀರು ಇಂಗಿ ಕೊಬ್ಬರಿಯಾಗುವ ತನಕ ಹತ್ತು ಹನ್ನೊಂದು ತಿಂಗಳು ಯಾರೂ ಅತ್ತ ತಲೆ ಹಾಕುವುದಿಲ್ಲ. ಊರೆಲ್ಲ ಜಾಲಾಡಿದ ನಮಗೆ ಅಟ್ಟ ಮಾತ್ರ ಹೊಳೆದಿರಲಿಲ್ಲ. ಅದು ಹೊಳೆದಿದ್ದು ಒಬ್ಬರಿಗೇ. ಅವರು ಕೆಳಗೆ ಕಾಫಿ ಹಿಡಿದು ನಿಂತಿದ್ದರು. ಪರಮೇಶಿಯ ಹೆಂಡತಿ ಜಯಮ್ಮ.

"ನಾನೇ ತಂದಿಟ್ಟಿದ್ದು," ಎಂದರು. "ಕೆರೆ ತುಂಬಿದಾಗ ಬಾಗಿನ ಬಿಡಕ್ಕೆ ಹೋಗಿದ್ನಲ್ಲ, ಅವತ್ತೇ ಮೊದಲ್ನೇ ಸಲ ನೋಡಿದ್ದು. ಜೊತೇಲಿದ್ದ ಹೆಂಗಸ್ರೂ ನೋಡುದ್ರು. ನನ್ ಮುಖ ನೋಡಿ ಸುಮ್ನಾದ್ರು. ಮಾರ್ನೇ ದಿನ ಬೆಳಗಿನ್ ಜಾವ ನಾದಿನೀನ ಕರ್ಕೊಂಡು ಹೋಗಿ ಕಾಯಿ ಗಾಡೀಲಿ ತಂದು, ಕಾಯಿ ಜೊತೇಲೇ ಅಟ್ಟಕ್ಕೇರಿಸಿದ್ವಿ. ಹೇಳಿದ್ರೆ ಇವ್ರು ತಿರ್ಗ ತಗೊಂಡೋಗಿ ನಿಲ್ಲಿಸ್ತಿದ್ರು."

ನಾನು ಬೊಂಬೆಯ ಮುಖ ನೋಡಿದೆ, ಜಯಮ್ಮನವರ ಮುಖ ನೋಡಿದೆ. ಅದೇ ಮೂಗು. ಗಲ್ಲದ ಮೇಲೆ ಅದೇ ಮಚ್ಚೆ.

"ಮದ್ವೆ ಫೋಟೋ ಕೊಟ್ಟಿದ್ದೆ ರಶೀದ್ ಸಾಬ್ರಿಗೆ," ಎಂದ ಪರಮೇಶಿ, ಏಣಿಯ ಮೇಲಿಂದಲೇ. "ಪ್ರೀತಿಗೆ ಮಾಡ್ಸಿದ್ದು ಕಣೇ."

"ಪ್ರೀತಿಗಾದ್ರೆ ಮನೇಲಿಡ್ಬೇಕಿತ್ತು."

ಜಯಮ್ಮ ನನ್ನ ಕಡೆ ತಿರುಗಿದರು. "ನೀವು ಬರ್ದಿದ್ದೂ ಓದಿದ್ದೆ ಅಣ್ಣ. ಕಣ್ಣು, ಮೂಗು, ಸೊಂಟ ಎಲ್ಲ ಬರ್ದಿದ್ರಿ. ಯಾರ್ದು ಅಂತ ಒಂದ್ ಸಲಾನೂ ಯೋಚ್ನೆ ಮಾಡ್ಲಿಲ್ವಾ?"

ಹತ್ತು ವರ್ಷದಿಂದ ಅವರ ಕೈಯ ಕಾಫಿ ಕುಡಿಯುತ್ತಿದ್ದೇನೆ. ಆದರೂ ಯಾಕೆ ಹೊಳೆಯಲಿಲ್ಲ? ಕಾರಣ ಸರಳ. ಬೊಂಬೆಯನ್ನು ನೋಡಿದಷ್ಟು ಗಮನವಿಟ್ಟು ನಾನು ಜಯಮ್ಮನವರ ಮುಖವನ್ನು ನೋಡಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಛತ್ರಿಯ ವಿಷಯವನ್ನು ಅಲ್ಲಿ ಹೇಳಲಿಲ್ಲ. ಇಲ್ಲಿ ಹೇಳಿದ್ದೇನೆ, ಅವರು ಓದುತ್ತಾರೆ.

ಪರಮೇಶಿಗೆ ಬೇರೆ ಚಿಂತೆ. "ಬಾರ್ ಬಾಗ್ಲು ಬೋಳು ಬೋಳು ಕಾಣ್ತದೆ. ಏನಾರ ನಿಲ್ಲಿಸ್ಬೇಕಲ್ಲ?"

"ಅಣ್ಣನ್ನೇ ನಿಲ್ಲಿಸಿ," ಎಂದರು ಜಯಮ್ಮ. ಮುಖದಲ್ಲಿ ನಗುವಿರಲಿಲ್ಲ. "ಕೊಡ ಬೇಕಾದ್ರೆ ಇರ್ಲಿ. ಬಂದೋರೆಲ್ಲ ಭುಜದ್ ಮೇಲೆ ಕೈ ಹಾಕ್ಲಿ, ಕಷ್ಟ ಹೇಳ್ಕೊಳ್ಲಿ. ಒಂದ್ ಫೋಟೋ ಕೊಡಿ ಅಣ್ಣ."

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ.

"ಫೋಟೋ ಯಾಕೆ ಕೇಳ್ತೀಯ ಬುಡು," ಎಂದ ಪರಮೇಶಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತ. "ವಾರ ವಾರ ಪೇಪರ್‌ನಲ್ಲಿ ಬತ್ತದಲ್ಲ, ಅದನ್ನೇ ಕತ್ತರಿಸಿ ಸಾಬ್ರಿಗೆ ಕೊಟ್ರಾಯ್ತು."

ಈ ಅಂಕಣದ ಮೇಲೆ ಇಷ್ಟು ವರ್ಷ ತಪ್ಪದೆ ಬರುತ್ತಿದ್ದ ನನ್ನ ಫೋಟೋ ಈ ವಾರ ಯಾಕಿಲ್ಲ ಎಂದು ಈಗ ತಿಳಿಯಿತಲ್ಲ?