ಚಿಕ್ಕಜಾಲದ ಹುಣಸೆಮರ

ನಾಲ್ಕು ಗಂಟೆ ಲಾರಿ ಓಡಿಸಿದರೆ ಅರ್ಧ ಗಂಟೆ ವಿಶ್ರಾಂತಿ ಪಡೆಯಬೇಕು, ಅದನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕು ಎಂಬುದು ಕಂಪನಿಯ ನಿಯಮ. ಆರ್.ಟಿ. ನಗರದ ನಜೀರ್ ಬರೆಯುವುದರಲ್ಲಿ ಒಂದು ದಿನವೂ ತಪ್ಪಿದವನಲ್ಲ. ಹೊರಡುವ ಮೊದಲೇ, ಟೀ ಆರುವಷ್ಟರಲ್ಲಿ, ಇಡೀ ದಿನದ ಪುಟ ತುಂಬಿಬಿಡುತ್ತಿದ್ದ. ಕರ್ನೂಲಿನಿಂದ ಯಶವಂತಪುರಕ್ಕೆ ಬರುವ ದಾರಿಯಲ್ಲಿ ಅವನ ವಿಶ್ರಾಂತಿ ಆರು ವರ್ಷದಿಂದ ಒಂದೇ ಕಡೆ: ‘ಚಿಕ್ಕಜಾಲ, ಹುಣಸೆಮರದ ಕೆಳಗೆ.’

ಪುಸ್ತಕ ಪರಿಶೀಲಿಸಲು ಹೊಸದಾಗಿ ಬಂದ ಸುಮಾ ಚಿಕ್ಕಜಾಲದವಳೇ.

“ನಜೀರಣ್ಣ, ಆ ಮರ ಕಡಿದು ಎರಡು ವರ್ಷ ಆಯ್ತಲ್ಲಾ?” ಎಂದಳು.

“ಅದಕ್ಕೇ ಮೇಡಂ, ಈಚೆಗೆ ಬಿಸಿಲು ಜಾಸ್ತಿ ಹೊಡೀತಿತ್ತು,” ಎಂದ ನಜೀರ್, ತಲೆ ಕೆರೆದುಕೊಳ್ಳುತ್ತಾ.

ಮುಂದಿನ ಟ್ರಿಪ್ಪಿನಲ್ಲಿ ವಿಶ್ರಾಂತಿಯನ್ನು ಬಾಗೇಪಲ್ಲಿಗೆ ವರ್ಗ ಮಾಡಿ ಬರೆದ. ಬಾಗೇಪಲ್ಲಿಯಲ್ಲಿ ನಿಲ್ಲಲಿಲ್ಲ, ಆ ಮಾತು ಬೇರೆ. ಆದರೆ ಚಿಕ್ಕಜಾಲ ಬಂದಾಗ, ಮರ ನಿಜವಾಗಿಯೂ ಹೋಗಿದೆಯೇ ನೋಡೋಣವೆಂದು ಮೊದಲ ಸಲ ಅಲ್ಲಿ ಲಾರಿ ನಿಲ್ಲಿಸಿದ. ಮರ ಇರಲಿಲ್ಲ. ಹಳೆಯ ಸ್ನೇಹಿತನನ್ನು ಕಳೆದುಕೊಂಡವನಂತೆ ಸೀಟಿಗೆ ಒರಗಿದ. ಹಾಗೇ ಜೊಂಪು ಹತ್ತಿತು. ಅರ್ಧ ಗಂಟೆ ಗೊರಕೆ ಹೊಡೆದ.

ಆ ಅರ್ಧ ಗಂಟೆಯುದ್ದಕ್ಕೂ, ಪುಸ್ತಕದಲ್ಲಿ ಅವನ ಲಾರಿ ಬಾಗೇಪಲ್ಲಿಯ ವಿಶ್ರಾಂತಿ ಮುಗಿಸಿ ಚಿಕ್ಕಜಾಲದ ಕಡೆಗೆ ಎಲ್ಲೂ ನಿಲ್ಲದೆ ಓಡುತ್ತಿತ್ತು.